ಕೌದಿ ಹೊದಿಸಿದ ಮಷೀನು

ಮನೆಗೆ ಹೊಸಬರು ಯಾರಾದರೂ ಬಂದರೆ ನನಗೆ ಮೊದಲು ನೆನಪಾಗುವುದು ಹಿತ್ತಲ ಬಾಗಿಲು. ಚಿಲಕ ಹಾಕಿದೆನೋ ಇಲ್ಲವೋ ಎಂದು ಜೀವ ಹೊಡೆದುಕೊಳ್ಳುತ್ತದೆ. ಹಿತ್ತಲಲ್ಲಿ ಬಂಗಾರವೇನೂ ಇಲ್ಲ. ತಗಡಿನ ಶೆಡ್ಡಿನೊಳಗೆ ಹಳೇ ವಾಷಿಂಗ್ ಮಷೀನುಗಳಿವೆ, ನೀರು ಹಿಂಡುವ ಡ್ರೈಯರುಗಳಿವೆ. ಮಂದಿ ಎಸೆದದ್ದನ್ನು ತಂದು, ತಿಕ್ಕಿ ತೀಡಿ, ತಿರುಗುವಂತೆ ಮಾಡಿ ಇಟ್ಟುಕೊಂಡಿದ್ದೇನೆ. ಕಳ್ಳರು ಬಂದರೆ ನನಗೆ ಅಂಜಿಕೆಯಿಲ್ಲ. ಬೀಗರು ಬಂದರೆ ಅಂಜಿಕೆ.

ಶಹಾಪುರದಲ್ಲಿ ನನ್ನ ಯಜಮಾನರದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟುಕೊಂಡು ಬರುವ ರೈತರಿಗೆ ನಮ್ಮಲ್ಲಿ ಬರವಿಲ್ಲ. ಮದುವೆಯಾದ ಹೊಸದರಲ್ಲಿ ಅವರಿಗೆ ಬುತ್ತಿ ಒಯ್ಯುತ್ತಿದ್ದೆ. ಅವರು ಉಣ್ಣುವ ತನಕ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಸುಟ್ಟ ತಂತಿ ಬಿಚ್ಚಿಕೊಟ್ಟೆ, ಮುಂದೆ ಹೊಸ ತಂತಿ ಸುತ್ತುವುದನ್ನೂ ಕಲಿತೆ. ಒಂದು ಸಲ ಯಾರೋ ಕೆಟ್ಟುಹೋದ ಅರಿವೆ ಒಗೆಯುವ ಮಷೀನು ತಂದು, ಮೋಟಾರು ಬಿಚ್ಚಿಕೊಂಡು ಉಳಿದದ್ದನ್ನು ಎಸೆಯಿರಿ ಎಂದು ಬಿಟ್ಟುಹೋದರು. ಬಿಚ್ಚಲು ಕೂತವಳು ರಿಪೇರಿ ಮಾಡಿಬಿಟ್ಟೆ. ನೀರು ಹಾಕಿ ಗುಂಡಿ ತಿರುವಿದಾಗ ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಗುಡುಗುಡು ತಿರುಗಿತು. ನಾನು ಅಂಗಡಿಯ ಮುಂದೆ ಮಂದಿಯಿದ್ದಾರೆ ಅನ್ನುವುದನ್ನೂ ಮರೆತು ಚಪ್ಪಾಳೆ ಹೊಡೆದೆ. ಅಲ್ಲಿಂದ ಹತ್ತಿತು ಹುಚ್ಚು.

ಯಾದಗಿರಿಯಿಂದ ವರ್ಗವಾಗಿ ಹೋದ ಒಬ್ಬ ಸಾಹೇಬರ ಮನೆಯಿಂದ ಬಂದದ್ದು ಎಲ್ಲಕ್ಕಿಂತ ಹಳೆಯದು. ಗುಂಡನೆಯ ಒಂಟಿ ಡಬ್ಬಿ, ಅದರ ತಲೆಯ ಮೇಲೆ ಕಬ್ಬಿನ ಗಾಣದ ಹಾಗೆ ಎರಡು ರಬ್ಬರ್ ಉರುಳೆ. ಕೈಯಿಂದ ತಿರುವಿದರೆ ಅರಿವೆ ಚಪ್ಪಟೆಯಾಗಿ ಆಚೆ ಬೀಳುತ್ತದೆ. ಸುರಪುರದ್ದೊಂದು ಬರೀ ಡ್ರೈಯರು, ತಿರುಗಲು ಶುರುವಾದರೆ ನಿಂತ ಜಾಗ ಬಿಟ್ಟು ನಡೆದು ಬರುತ್ತದೆ. ಉಳಿದವು ಜೋಡಿ ಡಬ್ಬಿಯವು, ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಬೋರಿನ ಸವಳು ನೀರಿಗೆ ಇವುಗಳ ಕಾಲು ಮೊದಲು ಹೋಗುತ್ತವೆ, ನಮ್ಮ ಹೆಂಗಸರ ಹಾಗೆಯೇ. ನೀರು ಹೋಗುವ ಪೈಪನ್ನು ಇಲಿ ಕಡಿದಿರುತ್ತದೆ. ತಳ ಬಿಚ್ಚಿದರೆ ಹುಳ ತಿಂದ ಜೋಳ ಸುರಿಯುತ್ತದೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಷೀನೆಂದರೆ ಮದುವೆಯಲ್ಲಿ ಬಂದ ಮರ್ಯಾದೆ. ಅದಕ್ಕೆ ವೈರು ಚುಚ್ಚುವುದಿಲ್ಲ, ಜೋಳ ತುಂಬಿ ಪಡಸಾಲೆಯಲ್ಲಿ ನಿಲ್ಲಿಸುತ್ತಾರೆ.

ಮದುವೆಯ ಉಡುಗೊರೆಯ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಚರಿಗೆ, ಗಂಗಾಳವಾದರೆ ಚುಕ್ಕಿಚುಕ್ಕಿಯಾಗಿ ಹೆಸರು ಹೊಡೆಸುತ್ತಾರೆ. ತಿಜೋರಿ, ಮಷೀನಾದರೆ ಬೋರ್ಡು ಬರೆಯುವವನನ್ನು ಕರೆಸಿ ಕೆಂಪು ಪೇಂಟಿನಲ್ಲಿ ಇಂಥವಳಿಗೆ ತವರಿನಿಂದ ಎಂದು ಬರೆಸುತ್ತಾರೆ, ಮಗ್ಗುಲಿಗೆ ಒಂದು ಹೂವು. ಮಷೀನಿನ ಮೈಗೆ ಪಾಲಿಶ್ ಪೇಪರ್ ಹಾಕಿ ತಿಕ್ಕಿ ಹೊಸ ಬಣ್ಣ ಹೊಡೆಯುವಾಗ ನಾನು ಆ ಅಕ್ಷರಗಳನ್ನು ಮಾತ್ರ ಮುಟ್ಟುವುದಿಲ್ಲ. ಸುತ್ತ ಚೌಕ ಬಿಟ್ಟು ಬಣ್ಣ ಹೊಡೆಯುತ್ತೇನೆ. ಕ್ಯಾಲೆಂಡರ್ ತೆಗೆಯದೆ ಗೋಡೆಗೆ ಸುಣ್ಣ ಹಚ್ಚಿದ ಹಾಗೆ ಕಾಣುತ್ತದೆ ಎಂದು ಯಜಮಾನರು ನಗುತ್ತಾರೆ. ನಗಲಿ. ಯಾರದೋ ಅಪ್ಪ ಬರೆಸಿದ ಹೆಸರು ಅಳಿಸಲು ನಾನು ಯಾರು?

ನನ್ನ ಈ ಹುಚ್ಚನ್ನು ಮೆಚ್ಚಿದವರು ಯಾರೂ ಇಲ್ಲ. ಕೆಂಭಾವಿಯ ಸಂತೆಗೆ ಹೋದರೆ ಗುಜರಿಯವರ ಗುಡ್ಡೆಯಲ್ಲಿ ಕೈಹಾಕಿ ನಿಂತ ನನ್ನನ್ನು ಪರಿಚಯದ ಹೆಂಗಸರು ನೋಡಿಯೂ ನೋಡದ ಹಾಗೆ ದಾಟಿ ಹೋಗುತ್ತಾರೆ. ಓಣಿಯಲ್ಲಿ ನನ್ನ ಹೆಸರು ಕಬಾಡಿ ಅಕ್ಕ. ಎದುರಿಗೆ ನಾನೂ ನಗುತ್ತೇನೆ, ಒಳಗೆ ಉರಿಯುತ್ತದೆ. ಆದರೆ ಮಂದಿ ಅಂದದ್ದಕ್ಕಿಂತ ಮಗಳು ಅಂದದ್ದು ಹೆಚ್ಚು ನಾಟಿತು.

ಮಗಳು ಹುಣಸಗಿಯಲ್ಲಿ ಶಾಲೆಯ ಟೀಚರು. ಅಲ್ಲಿಯೇ ಬೀಜ-ಗೊಬ್ಬರದ ಅಂಗಡಿಯಿಟ್ಟ ಹುಡುಗ, ಇವಳೂ ಅವನೂ ಮೊದಲೇ ಒಪ್ಪಿದ್ದರು. ಇನ್ನು ಒಪ್ಪಬೇಕಾದವರು ಹುಡುಗನ ತಾಯಿ. ಗಂಡನಿಲ್ಲದೆ ಮಗನನ್ನು ಬೆಳೆಸಿದ ಹೆಂಗಸು. ಅವರು ಬೇಡ ಅಂದರೆ ಅವನು ಹೂಂ ಅನ್ನುವವನಲ್ಲ ಎಂದು ಮಗಳೇ ಹೇಳಿದ್ದಳು. ಅವರು ನೋಡಲು ಬರುವ ಹಿಂದಿನ ದಿನ ನನ್ನ ಎದುರಿಗೆ ಬಂದು ನಿಂತಳು.

“ಅವ್ವಾ, ಆ ಶೆಡ್ಡಿನ್ಯಾಗಿನವು ಕಾಣದಂಗ ಮಾಡು. ನಮ್ಮವ್ವ ಕಬಾಡಿ ಸಾಮಾನ ತರ್ತಾಳಂತ ಅವ್ರ ಮುಂದ ಹೆಂಗ ಹೇಳ್ಲಿ ನಾ?”

“ಕದ್ದು ತಂದೇನೇನು?”

“ಕದ್ದಿದ್ರ ಒಂದಿನ ಬೈದು ಸುಮ್ಮಾಗ್ತಿದ್ರು. ಇದಕ್ಕ ದಿನಾ ನಗತಾರ.”

ಹೊಡೆಯಬೇಕು ಅನ್ನುವಷ್ಟು ಸಿಟ್ಟು ಬಂತು. ಆದರೆ ಅವಳ ಮುಖ ನೋಡಿ ಸಿಟ್ಟು ಇಳಿಯಿತು. ಮಗಳಿಗೆ ನಾನು ನಾಚಿಕೆಯ ವಸ್ತುವಾಗಿದ್ದೇನೆ ಎಂಬುದು ಅವತ್ತು ಸ್ಪಷ್ಟವಾಗಿ ಗೊತ್ತಾಯಿತು. ಪೆಟ್ಟಿಗೆಯಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಮಷೀನುಗಳಿಗೆ ಹೊದಿಸಿದೆ. ಯಾರಾದರೂ ಕೇಳಿದರೆ ಜೋಳದ ಚೀಲ ಅನ್ನುವುದೆಂದು ತಾಯಿ ಮಗಳು ಮಾತಾಡಿಕೊಂಡೆವು.

ಆ ಕೌದಿಗಳಲ್ಲಿಯೇ ನಾನು ಎಡವಿದೆ. ತಾಡಪತ್ರಿ ಹಾಕಿದ್ದರೆ ಅತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೀಗರ ಕಣ್ಣಿಗೆ ಬಿದ್ದರೂ ಚಂದ ಕಾಣಲಿ ಎಂಬ ಜಂಬಕ್ಕೆ, ಬಾಗಿಲ ಹತ್ತಿರದ ಮಷೀನಿಗೆ ನಮ್ಮವ್ವ ಹೊಲಿದ ಒಳ್ಳೆಯ ಕೌದಿ ಹೊದಿಸಿದ್ದೆ. ಈ ಸೀಮೆಯ ಹೆಂಗಸು ಯಾರೇ ಆಗಲಿ, ಒಳ್ಳೆಯ ಕೌದಿ ಕಂಡರೆ ಅಂಚು ಎತ್ತಿ ಹೊಲಿಗೆ ನೋಡದೆ ಮುಂದೆ ಹೋಗುವುದಿಲ್ಲ. ನಾನೂ ಹೋಗುವುದಿಲ್ಲ. ಆ ಹೊತ್ತಿಗೆ ಅದು ಹೊಳೆಯಲಿಲ್ಲ, ಕೆರೆದು ಹುಣ್ಣು ಮಾಡಿಕೊಂಡೆ.

ಅವರು ಬಂದರು. ಹುಡುಗ, ಅವನ ತಾಯಿ, ತಾಯಿಯ ಅಣ್ಣ. ಅಣ್ಣ ಎತ್ತರದ ಮನುಷ್ಯ, ಹುಡುಗನಿಗೆ ಸೋದರಮಾವ, ಮಾತೆಲ್ಲ ಅವರದೇ. ಬಸ್ಸಿನ ಧೂಳಿಗೆ ಮುಖ ತೊಳೆಯಬೇಕು ಎಂದು ಹುಡುಗನ ತಾಯಿ ಎದ್ದರು. ಬಚ್ಚಲಿರುವುದು ಶೆಡ್ಡಿನ ಪಕ್ಕ. ನಾನು ಚರಿಗೆ ಹಿಡಿದು ಹಿಂದೆಯೇ ಹೋದೆ. ಬಚ್ಚಲು ತಲುಪುವ ಮೊದಲೇ ಅವರ ಕೈ ಕೌದಿಯ ಅಂಚಿಗೆ ಹೋಗಿತ್ತು.

“ಎಷ್ಟ ಸಣ್ಣ ಹೊಲಿಗಿ ಅದಾವ್ರಿ,” ಅಂದರು. ಅಂಚು ಎತ್ತಿದರು. ಹಾಗೆಯೇ ಹಿಡಿದುಕೊಂಡು ನಿಂತುಬಿಟ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಏನೂ ಕೇಳಿರಲಿಲ್ಲ, ನಾನೇ ಶುರು ಮಾಡಿದೆ. “ಇವು ನಮ್ಮವಲ್ರಿ. ನಮ್ಮ ಯಜಮಾನರ ಕಡೆ ರಿಪೇರಿಗಿ ಬಂದಾವ. ಇವತ್ತ ನಾಳಿ ಒಯ್ತಾರ. ನಾ ಇವನ್ನ ಕೈಲಿಂದ ಮುಟ್ಟೂದಿಲ್ರಿ.”

ಹೇಳುವಾಗ ನನ್ನ ಉಗುರಿನ ಸಂದಿಯಲ್ಲಿ ಮಷೀನಿನ ಎಣ್ಣೆಯ ಕಪ್ಪು ಕೂತಿತ್ತು. ಹೆತ್ತ ಕೂಸನ್ನು ಪಕ್ಕದ ಮನೆಯದು ಅಂದಂತೆ ಅನ್ನಿಸಿತು. ಅವರು ನನ್ನ ಮುಖದ ಕಡೆ ನೋಡಲೇ ಇಲ್ಲ. ಕೆಂಪು ಅಕ್ಷರಗಳ ಮೇಲೆ ಬೆರಳು ಇಟ್ಟರು.

“ಇದು ನಂದ್ರಿ,” ಅಂದರು.

ನನಗೆ ತಿಳಿಯಲಿಲ್ಲ. ಅಲ್ಲಿದ್ದ ಹೆಸರು ಅವರದಲ್ಲ. ಆಮೇಲೆ ಅವರೇ ಹೇಳಿದರು: ಮದುವೆಯಲ್ಲಿ ಗಂಡನ ಮನೆಯವರು ಅಕ್ಕಿಯಲ್ಲಿ ಬೇರೆ ಹೆಸರು ಬರೆಸಿದ್ದರು. ಮಷೀನಿನ ಮೇಲಿದ್ದದ್ದು ತವರಿನ ಹೆಸರು. ಆ ಹೆಸರಿನಿಂದ ಕರೆಯುವವರು ಈಗ ಅಣ್ಣ ಒಬ್ಬರೇ.

“ನಮ್ಮವ್ವನ ಕೈ ಒಗದು ಒಗದು ಸೀಳಿದ್ವು. ತಂಗಿಗಿ ಹಂಗ ಆಗಬಾರದಂತ ಅಣ್ಣ ಹಠ ಹಿಡದು ತಂದಿದ್ದ. ನಮ್ಮತ್ತಿ ಹಚ್ಚಾಕ ಬಿಡಲಿಲ್ಲ. ಗಂಡಸರ ಧೋತರ, ಹೆಂಗಸರ ಸೀರಿ ಒಂದರಾಗ ತಿರಗಬಾರದಂದ್ಲು. ಜ್ವಾಳ ತುಂಬಿದ್ವಿ. ಅತ್ತಿ ಸತ್ತಮ್ಯಾಲ ನನಗ ನೆಪ್ಪ ಸುದ್ದಾ ಆಗಲಿಲ್ಲ ನೋಡ್ರಿ. ಮನಿ ಸುಣ್ಣ ಹಚ್ಚುವಾಗ ನಾನ ಕಬಾಡಿಯಂವಗ ಎತ್ತಿ ಕೊಟ್ಟೆ.” ಅವರ ದನಿ ಕುಗ್ಗಿತು. “ಅಣ್ಣಗ ಹೊಲದ ಮನ್ಯಾಗ ಅದ ಅಂತ ಹೇಳೇನ್ರಿ. ದಿನಾ ಅದರಾಗ ಒಗಿತೀನಂತ ಹೇಳೇನಿ.”

ಅಷ್ಟರಲ್ಲಿ ಪಡಸಾಲೆಯಿಂದ ಚಪ್ಪಲಿ ಸದ್ದು. ಅಣ್ಣನೂ ಮುಖ ತೊಳೆಯಲು ಬರುತ್ತಿದ್ದರು. ಹುಡುಗನ ತಾಯಿಯೇ ಕೌದಿಯನ್ನು ಸರ್ರನೆ ಎಳೆದು ಅಕ್ಷರ ಮುಚ್ಚಿದರು. ಇದೇನು ಎಂದು ಅಣ್ಣ ಕೇಳಿದಾಗ, “ಜ್ವಾಳದ ಚೀಲಣ್ಣ,” ಅಂದರು. ಆ ಸುಳ್ಳನ್ನು ನಾನು ನನಗಾಗಿ ತಯಾರು ಮಾಡಿಕೊಂಡಿದ್ದೆ. ಅಣ್ಣ ಮುಖ ತೊಳೆದು, ಶೇಂಗಾ ಬೆಳೆಯ ಬಗ್ಗೆ ಏನೋ ಹೇಳಿ ಒಳಗೆ ಹೋದರು.

ಶಿರಾ, ಉಪ್ಪಿಟ್ಟು, ಚಹಾ ಆಯಿತು. ಹೊರಡುವ ಮೊದಲು ಹುಡುಗನ ತಾಯಿ ಮಗಳ ಉಡಿ ತುಂಬಿಸಿದರು, ಅಂದರೆ ಒಪ್ಪಿದ ಹಾಗೆ. ಮಗಳು ಅವತ್ತು ಕುಣಿಯುವುದೊಂದು ಬಾಕಿ. ನಾನು ನಕ್ಕೆ, ಎಲ್ಲರಿಗೂ ಸಕ್ಕರೆ ಹಂಚಿದೆ, ಆದರೆ ಕುತ್ತಿಗೆ ಎತ್ತಲು ಆಗುತ್ತಿರಲಿಲ್ಲ. ನಾ ಇವನ್ನ ಕೈಲಿಂದ ಮುಟ್ಟೂದಿಲ್ರಿ ಅಂದದ್ದು ಕಿವಿಯಲ್ಲಿಯೇ ಇತ್ತು. ಆ ಹೆಂಗಸು ತಮ್ಮ ನಾಚಿಕೆಯನ್ನು ನನ್ನ ಎದುರು ಬಿಚ್ಚಿಟ್ಟಿದ್ದರು, ನಾನು ನನ್ನದನ್ನು ಇನ್ನಷ್ಟು ಹೊದಿಸಿದ್ದೆ. ಒಪ್ಪಿಗೆಯಾದದ್ದು ಮಗಳ ಗುಣಕ್ಕೋ, ನಾನು ಬಾಯಿ ಮುಚ್ಚಿಕೊಂಡದ್ದಕ್ಕೋ ಎಂಬ ಕೆಟ್ಟ ಅನುಮಾನವೂ ಬಂತು. ಅದನ್ನು ಯಜಮಾನರಿಗೂ ಹೇಳಲಿಲ್ಲ.

ಮುಂದೊಂದು ದಿನ ಮಧ್ಯಾಹ್ನ ಬೀಗತಿ ಒಬ್ಬರೇ ಬಂದರು, ಬಗಲಲ್ಲಿ ಒಂದು ಗಂಟು. ನೀರು ಕುಡಿಯಿರಿ ಅಂದರೂ ಕೇಳದೆ ನೇರ ಹಿತ್ತಲಿಗೆ ನಡೆದರು. ಗಂಟು ಬಿಚ್ಚಿದರೆ ಅವರ ದಿನದ ಸೀರೆಗಳು.

“ತಿರಗತದೇನ್ರಿ?”

“ತಿರಗತದ.” ಈ ಸಲ ನಾನು ಬೇರೆಯವರ ಹೆಸರು ಹೇಳಲಿಲ್ಲ. “ನಾನ ಮಾಡೇನ್ರಿ. ಅವತ್ತ ಸುಳ್ಳ ಹೇಳಿದ್ದೆ.”

“ಗೊತ್ತಿತ್ರಿ. ನಿಮ್ಮ ಉಗುರ ನೋಡಿದ್ದೆ,” ಅಂದರು. ಅಷ್ಟೇ. ಮುಖ ಮುಚ್ಚಿಕೊಳ್ಳುವಂತಾಯಿತು ನನಗೆ.

ಅದನ್ನು ಮನೆಗೆ ಒಯ್ಯಿರಿ ಎಂದೆ. ತಲೆಯಲ್ಲಾಡಿಸಿದರು. ಹೊಸ ಬಣ್ಣ ಕಂಡು ಅಣ್ಣ ಕೇಳಿದರೆ ಏನು ಹೇಳಲಿ ಅಂದರು. ನಾನು ಕೊಡದಿಂದ ನೀರು ತುಂಬಿದೆ, ಪುಡಿ ಹಾಕಿದೆ, ಸೀರೆ ಬಿಟ್ಟೆ, ವೈರು ಚುಚ್ಚಿ ಗುಂಡಿ ತಿರುವಿದೆ. ಮುಚ್ಚಳ ಹಾಕಲು ಹೋದರೆ ತಡೆದರು. ಮಣೆ ಎಳೆದುಕೊಂಡು ಬಗ್ಗಿ ನೋಡುತ್ತ ಕೂತರು. ಸೀರೆಗಳು ಒಂದಕ್ಕೊಂದು ಸುತ್ತಿಕೊಂಡು, ಬಿಚ್ಚಿಕೊಂಡು, ನೊರೆಯೊಳಗೆ ಮುಳುಗಿ ಏಳುತ್ತಿದ್ದವು. ಗುಂಡಿ ಕಿರ್ರನೆ ತಿರುಗಿ ತನ್ನ ಜಾಗಕ್ಕೆ ಬಂದು ನಿಂತಿತು. ಮಷೀನೂ ನಿಂತಿತು. ಅವರು ಇನ್ನೂ ಏನಾದರೂ ಆಗುವುದಿದೆಯೇ ಎನ್ನುವಂತೆ ಕಾಯ್ದರು.

“ಇಷ್ಟೇ ಏನ್ರಿ?” ಅಂದರು.

ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಿದ್ದರು. ಗೆಣ್ಣು ದಪ್ಪಗಾಗಿ, ಬೆರಳ ತುದಿ ಸೀಳಿದ್ದವು. ಮಷೀನಿನ ಒಂದೊಂದು ಸ್ಕ್ರೂ ಗೊತ್ತಿದ್ದ ನಾನು ಇಷ್ಟು ವರ್ಷ ಬರೀ ನೀರು ಹಾಕಿ ತಿರುಗಿಸಿ ಖುಷಿ ಪಟ್ಟವಳು. ಇದರಲ್ಲಿ ಒಗೆಯಬೇಕಾಗಿದ್ದ ಕೈ ಯಾರದು ಎಂದು ಒಂದು ದಿನ ಯೋಚಿಸಿರಲಿಲ್ಲ.

“ಚಲೋ ಆತು ಬಿಡ್ರಿ, ನಿಮಗಾದ್ರೂ ತ್ರಾಸಿಲ್ಲ,” ಎನ್ನುತ್ತ ಅವರು ಎದ್ದರು. ಏಳುವಾಗ ಕಣ್ಣು ಶೆಡ್ಡಿನ ಆಚೆ ಹೋಯಿತು. ಅಲ್ಲಿ ನಮ್ಮ ಒಗೆಯುವ ಕಲ್ಲು, ಅದರ ಮೇಲೆ ಸಬ್ಬುಕಾರದ ತುಂಡು, ಮುಂಜಾನೆ ನಾನು ಬಡಿದು ಒಗೆದ ಗಂಡನ ಅಂಗಿ, ಮಗಳ ದುಪಟ್ಟ ಹಗ್ಗದ ಮೇಲೆ. ಕಲ್ಲು ಇನ್ನೂ ಹಸಿಯಿತ್ತು.

“ನೀವೂ?” ಅಂದರು.

ಬಣ್ಣ ಹೋಗುತ್ತದೆ, ಬೆಲ್ಟು ಸವೆಯುತ್ತದೆ, ಹಳೇ ಮಷೀನು ನೋಡ್ರಿ ಎಂದು ಹೇಳಲು ಹೊರಟೆ. ಅವರ ಅತ್ತೆ ಮಾಡಿದ್ದನ್ನೇ ನನಗೆ ನಾನು ಮಾಡಿಕೊಂಡಿದ್ದೆ, ಅದೂ ಯಾರೂ ಬೇಡ ಅನ್ನದಿದ್ದರೂ. ಅವರು ಬೈಯಲಿಲ್ಲ, ನಗಲೂ ಇಲ್ಲ. ಪಕ್ಕದ ಡಬ್ಬಿಯಲ್ಲಿ ಡ್ರೈಯರು ಇತ್ತು. ಅದರ ಕಡೆ ನೋಡದೆ ಒಂದು ಸೀರೆ ಎತ್ತಿ, ಅದರ ತುದಿಯನ್ನು ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ. ಅವರು ಬಲಕ್ಕೆ, ನಾನು ಎಡಕ್ಕೆ ತಿರುವಿ, ಇಬ್ಬರೂ ಸೇರಿ ನೀರು ಹಿಂಡಿದೆವು.