ಟಪಾಲಿಗೆ ಹಾಕದ ಪತ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿಯವನಲ್ಲ. ಯಾರಾದರೂ ದೆವ್ವ ಕಂಡೆ, ಕನಸಿನಲ್ಲಿ ಸೂಚನೆ ಸಿಕ್ಕಿತು ಎಂದು ಶುರುಮಾಡಿದರೆ "ರಾತ್ರಿ ಊಟಕ್ಕೆ ಏನಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇದೇ ಕಾರಣಕ್ಕೆ ಬೀಗರ ಮನೆಯಲ್ಲಿ ಒಮ್ಮೆ ಜಗಳವೂ ಆಗಿದೆ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ, ನಗುವವರು ನಗಲಿ. ರಾತ್ರಿ ಕತ್ತಲಲ್ಲಿ ನಡೆದಿದ್ದರೆ ಕಣ್ಣು ತಪ್ಪಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಎಲ್ಲವೂ ಹಾಡಹಗಲಲ್ಲಿ, ನನ್ನ ಕೈಯಲ್ಲೇ ನಡೆಯಿತು.

ನಿಜಾಮರ ಸಂಸ್ಥಾನ ಹಿಂದೂಸ್ಥಾನದಲ್ಲಿ ವಿಲೀನವಾಗಿ ಹೆಚ್ಚು ದಿನವಾಗಿರಲಿಲ್ಲ. ನಾನಾಗ ಶಹಾಪುರದ ಕಚೇರಿಯೊಂದರಲ್ಲಿ ಕಾರಕೂನ. ಊರು ಗುರುಮಠಕಲ್ ಕಡೆ, ಹೀಗಾಗಿ ಕನ್ನಡದಷ್ಟೇ ತೆಲುಗು ಬರುತ್ತಿತ್ತು. ಓದಿದ್ದು ಉರ್ದುವಿನಲ್ಲಿ. ಇನ್ನು ಮೇಲೆ ಇಂಗ್ಲಿಷ್ ಬಾರದವರ ನೌಕರಿ ಉಳಿಯುವುದಿಲ್ಲವೆಂದು ಕಚೇರಿಯಲ್ಲಿ ದಿನಾ ಒಬ್ಬರಲ್ಲ ಒಬ್ಬರು ಹೆದರಿಸುತ್ತಿದ್ದರು. ಅದನ್ನು ಕಲಿಯಲೆಂದು ಸಂಜೆ ಹೊತ್ತು ವೆಂಕಟರಾಯರ ಮನೆಗೆ ಹೋಗತೊಡಗಿದೆ.

ರಾಯರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು. ಸುರಪುರದ ಕಡೆ ಕೆರೆ ತೂಬು, ಕಾಲುವೆ ಎಂದು ಆಯುಷ್ಯವೆಲ್ಲ ಓಡಾಡಿದವರು. ಅವರ ಮೇಲಿನ ಬಿಳಿ ಅಧಿಕಾರಿಯೊಬ್ಬ ಇವರಿಗೆ ಮೀನು ಹಿಡಿಯುವ ಒಂದು ವಿಶೇಷ ಹುಚ್ಚು ಹಿಡಿಸಿ ಹೋಗಿದ್ದ. ಗಾಳಕ್ಕೆ ಎರೆಹುಳವಿಲ್ಲ, ಹಿಟ್ಟಿಲ್ಲ. ಹಕ್ಕಿಯ ಗರಿ, ರೇಷ್ಮೆ ಎಳೆ ಕಟ್ಟಿ ನೊಣದ ಆಕಾರ ಮಾಡಿ, ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಅದನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಮೈಯಲ್ಲಿ ಶಕ್ತಿ ಇರುವಾಗ ಕೊಡೇಕಲ್ ದಾಟಿ ಕೃಷ್ಣೆಯ ದಂಡೆಗೆ ಹೋಗಿ ಕೂತುಬಿಡುತ್ತಿದ್ದರಂತೆ. ಸಿಕ್ಕ ಮೀನನ್ನು ಕಣ್ಣುತುಂಬ ನೋಡಿ ಮತ್ತೆ ನೀರಿಗೆ ಬಿಡುವರು. ಅಲ್ಲಿನ ಅಂಬಿಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. "ಬಿಡೂದಿದ್ರ ಹಿಡಿಯೂದ್ಯಾಕ್ರಿ ಸಾಹೇಬ್ರ? ಮೀನಿನ ಕೂಡ ಏನರ ಮಾತಾಡೂದಿತ್ತೇನು?"

ನಾನು ಹೋಗುವ ಹೊತ್ತಿಗೆ ಅವರ ಎದೆ ಸೋತಿತ್ತು, ಕಾಲು ಬಾತಿದ್ದವು. ಎತ್ತಿನ ಗಾಡಿಯನ್ನೂ ಹತ್ತಕೂಡದೆಂದು ಯಾದಗಿರಿಯ ಡಾಕ್ಟರು ಹೇಳಿ ಹೋಗಿದ್ದರು. ನದಿಗೆ ಹೋಗಲಾಗದ ರಾಯರು ಮನೆಯಲ್ಲೇ ಕೂತು ಲೋಕದ ನೀರೆಲ್ಲ ಸುತ್ತುವ ತಯಾರಿ ನಡೆಸಿದ್ದರು. ನಡುಮನೆಯಲ್ಲಿ ದೊಡ್ಡ ನಕಾಶೆ ಹಾಸಿ, ಹೋಗಬೇಕಾದಲ್ಲಿ ಹುಣಸೆಬೀಜ ಇಡುವರು. ಕಾಶ್ಮೀರದ ಹೊಳೆಗೊಂದು, ನಾರ್ವೆಗೊಂದು, ನ್ಯೂಜಿಲೆಂಡಿನ ಸರೋವರಕ್ಕೊಂದು, ಸಿಂಹಳದ ಕಡಲಿಗೊಂದು. ಯಾವ ತಿಂಗಳಲ್ಲಿ ಎಲ್ಲಿ ನೀರು ತಿಳಿಯಾಗಿರುತ್ತದೆ, ಯಾವ ನೊಣ ಬೇಕು, ಯಾವ ಹಡಗು, ಎಲ್ಲಿ ಇಳಿಯುವುದು, ಎಲ್ಲವನ್ನೂ ಪತ್ರಗಳಲ್ಲಿ ವಿಚಾರಿಸಬೇಕು. ಅವರು ಹೇಳುವರು, ನಾನು ಬರೆಯುವೆ. ನನ್ನ ಇಂಗ್ಲಿಷಿನ ಪಾಠ ಅದೇ.

ಬರೆದಾದ ಮೇಲೆ ಅಂಗಳದಲ್ಲಿ ಬೀಸುವ ಅಭ್ಯಾಸ. ಗಾಳವಿಲ್ಲದ ದಾರದ ತುದಿಯನ್ನು ನಾನು ಹಿಡಿದು ಓಡಬೇಕು, ಅವರು ಎಳೆದು ದಣಿಸಬೇಕು. ಅಂದರೆ ಮೀನು ನಾನು. "ಏ ತಮ್ಮಾ, ಮೀನ ಹಿಂಗ ಓಡ್ತದೇನು? ಎಮ್ಮಿ ಓಡಿಧಂಗ ಓಡಾಕತ್ತಿಯಲ್ಲೋ!" ಎಂದು ಬೈಯುವರು. ಬಾತ ಕಾಲ ಮೇಲೆ ನಿಂತೇ ಬೀಸುವ ಹಟ. ಯಾರಾದರೂ ಕುರ್ಚಿ ತಂದಿಟ್ಟರೆ "ನಾ ಏನ ಹಾಸಿಗಿ ಹಿಡದೀನೇನು? ಒಯ್ಯಿ ಒಳಗ" ಎಂದು ರೇಗುತ್ತಿದ್ದರು.

ಹೋಗತೊಡಗಿದ ಒಂದು ವಾರಕ್ಕೇ ಅವರ ಹೆಂಡತಿ ತುಳಸಾಬಾಯಿಯವರು ನನ್ನನ್ನು ಅಡುಗೆಮನೆಗೆ ಕರೆದು ಅವಲಕ್ಕಿ ಕೊಟ್ಟರು. ಕೊಟ್ಟು, ದನಿ ಇಳಿಸಿ ಹೇಳಿದರು: "ತಮ್ಮಾ, ಅವ್ರು ಹೇಳಿದ್ದೆಲ್ಲಾ ಬರಕೊಡು. ಆದ್ರ ಒಂದೂ ಟಪಾಲಿಗಿ ಹಾಕಬ್ಯಾಡ. ಯಾರರ ಹೂಂ ಬರ್ರಿ ಅಂದ್ರ ಹೊಂಟೇ ಬಿಡ್ತಾರ. ರೈಲಿನಾಗ ಏನರ ಆದ್ರ ನಾ ಯಾರನ್ನ ಕೇಳ್ಲಿ?" ಅವರ ಕಣ್ಣು ತುಂಬಿದ್ದವು. ನಾನು ಹೂಂ ಅಂದೆ. ಅವತ್ತಿನಿಂದ ಪತ್ರಗಳೆಲ್ಲ ನನ್ನ ಕೋಣೆಯ ತಗಡಿನ ಟ್ರಂಕಿಗೆ ಹೋಗತೊಡಗಿದವು. ಉತ್ತರ ಯಾಕೆ ಬರಲಿಲ್ಲ ಎಂದು ರಾಯರು ಕೇಳಿದರೆ ನೆಪಕ್ಕೇನೂ ಬರವಿರಲಿಲ್ಲ. ನಿಜಾಮರ ಟಪಾಲು ಹೋಗಿ ಹಿಂದೂಸ್ಥಾನದ ಟಪಾಲು ಬರುತ್ತಿದ್ದ ಕಾಲ. ಹಳೆ ಟಪಾಲು ತಿಕೀಟು ನಡೆಯುವುದಿಲ್ಲವಂತೆ, ಚೀಲಗಳು ವಾಡಿ ಸ್ಟೇಷನ್ನಿನಲ್ಲೇ ಬಿದ್ದಿವೆಯಂತೆ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ಇಷ್ಟೆಲ್ಲ ಬೀಜ ಇಟ್ಟರೂ ರಾಯರ ಜೀವ ಇದ್ದದ್ದು ಒಂದೇ ಕಡೆ. ಅವರು ಸಮುದ್ರವನ್ನೇ ಕಂಡಿರಲಿಲ್ಲ. "ಜೀವಮಾನ ಎಲ್ಲಾ ಕೃಷ್ಣಾ ನೀರಿನಾಗ ಕೆಲಸ ಮಾಡೀನಿ. ಆ ನೀರು ಕೊನೀಗಿ ಎಲ್ಲಿ ಹೋಗ್ತದ ಅಂತ ಕಣ್ಣಿಲೆ ನೋಡಿಲ್ಲಲ್ಲೋ ತಮ್ಮಾ. ಸಿಹಿ ನೀರು, ಉಪ್ಪು ನೀರು ಕೂಡೂ ಜಾಗಾದಾಗ ಒಂದ ಸಲ ನೊಣ ಬೀಸಬೇಕು, ಸಾಕು" ಎನ್ನುತ್ತಿದ್ದರು. ಕಡಲಿನ ಮೀನಿಗೆ ಹೊಳೆಯುವ ನೊಣ ಬೇಕಂತೆ. ತುಳಸಾಬಾಯಿಯವರ ಮದುವೆ ಸೀರೆಯ ಜರಿ ಕೇಳಿದರು. ಅವರು ಒಂದಿಷ್ಟು ಬೈದರು, ಆಮೇಲೆ ತಾವೇ ಕತ್ತರಿ ತಂದು ಅಂಚಿನ ಎಳೆ ಬಿಡಿಸಿ ಕೊಟ್ಟರು.

ಮಚಲೀಪಟ್ಟಣದ ಬಂದರಿಗೆ ಪತ್ರ ಸಿದ್ಧವಾಯಿತು. ಯಾದಗಿರಿಯಿಂದ ರೈಲು, ವಾಡಿ, ಸಿಕಂದರಾಬಾದ್, ಬೆಜವಾಡ, ಅಲ್ಲಿಂದ ಮುಂದೆ ಎಂದು ದಾರಿಯನ್ನೆಲ್ಲ ಬರೆಸಿ, ನದಿ ಕಡಲು ಸೇರುವಲ್ಲಿಗೆ ಒಯ್ಯಲು ದೋಣಿಯೊಂದು ಬೇಕೆಂದು ಕೇಳಿದ್ದರು. ಕೋಣೆಗೆ ಹೋಗಿ ಅದನ್ನು ಶುದ್ಧವಾಗಿ ಬರೆಯುವಾಗ ನಾನೊಂದು ಸಾಲು ನನ್ನಷ್ಟಕ್ಕೇ ಸೇರಿಸಿದೆ: "ಇವರಿಗೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ದಯವಿಟ್ಟು ಬೆನ್ನಿರುವ ಕುರ್ಚಿಯೊಂದನ್ನು ದೋಣಿಗೆ ಬಿಗಿದಿಡಿ." ಹೋಗದ ಪತ್ರಕ್ಕೆ ಈ ಸಾಲು ಯಾಕೆ ಎಂದು ಕೇಳಿದರೆ ಏನು ಹೇಳಲಿ? ಬರೆಯುವಾಗ ಆ ಬಾತ ಕಾಲುಗಳು ಕಣ್ಣ ಮುಂದೆ ಬಂದವು, ಬರೆದೆ. ಈ ಮಾತು ರಾಯರಿಗೆ ಹೇಳಲಿಲ್ಲ, ಹೇಳಿದ್ದರೆ ಸಿಟ್ಟಾಗುತ್ತಿದ್ದರು. ತುಳಸಾಬಾಯಿಯವರಿಗೂ ಹೇಳಲಿಲ್ಲ. ಲಕೋಟೆ ಅಂಟಿಸಿ, ತಿಕೀಟು ಹಚ್ಚಿ, ಟ್ರಂಕಿಗೆ ಹಾಕಿ ಬೀಗ ಜಡಿದೆ.

"ಹಾಕಿದೇನು?" ಎಂದು ಮರುದಿನ ರಾಯರು ಕೇಳಿದರು.

"ಹಾಕೀನ್ರಿ ರಾಯರ, ನನ್ನ ಕೈಯಾರೆ."

"ನಿನ್ನ ಮ್ಯಾಲ ಭರೋಸಾ ಅದ ನನಗ" ಎಂದು ಬೆನ್ನು ತಟ್ಟಿದರು.

ಸುಮಾರು ಒಂದು ತಿಂಗಳಾಗಿರಬೇಕು. ಪತ್ರಗಳಿಗೆ ನನ್ನ ಕಚೇರಿಯ ವಿಳಾಸವನ್ನೇ ಕೊಡುತ್ತಿದ್ದೆ. ಮಧ್ಯಾಹ್ನ ಟಪಾಲಿನವನು ರಾಯರ ಹೆಸರಿನ ಒಂದು ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಮುದ್ರೆಯ ಮಸಿ ಹರಡಿ ಓದಲು ಬರುತ್ತಿರಲಿಲ್ಲ. ಒಡೆದು ನೋಡಿದೆ. ನೀಲಿ ಶಾಯಿಯಲ್ಲಿ, ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೇ ಸಾಲು. ನಿಮ್ಮ ಪತ್ರ ತಲುಪಿತು. ಹುಣ್ಣಿಮೆ ಕಳೆದ ಮೇಲೆ ಯಾವತ್ತು ಬಂದರೂ ದೋಣಿ ಸಿದ್ಧವಿರುತ್ತದೆ. ಕೇಳಿದಂತೆ ಬೆನ್ನಿರುವ ಕುರ್ಚಿಯನ್ನು ದೋಣಿಗೆ ಬಿಗಿದಿದ್ದೇವೆ. ಕೆಳಗೆ ಹೆಸರಿಲ್ಲ, "ದೋಣಿಯವರ ಪರವಾಗಿ" ಎಂದಷ್ಟೇ ಇತ್ತು.

ಕಚೇರಿ ಬಿಟ್ಟು ಕೋಣೆಗೆ ಓಡಿದೆ. ಬೀಗ ಇದ್ದ ಹಾಗೇ ಇತ್ತು. ಟ್ರಂಕಿನಲ್ಲಿ ನನ್ನ ಪತ್ರವೂ ಇಟ್ಟ ಹಾಗೇ ಇತ್ತು. ಅಂಟು ಬಿಚ್ಚಿಲ್ಲ, ತಿಕೀಟಿನ ಮೇಲೆ ಮುದ್ರೆ ಬಿದ್ದಿಲ್ಲ. ನಾನೇ ಹರಿದು ನೋಡಿದೆ, ಕುರ್ಚಿಯ ಸಾಲು ಒಳಗಿತ್ತು. ರಾಯರೇ ಬೇರೆಯವರ ಕೈಯಲ್ಲಿ ಇನ್ನೊಂದು ಪತ್ರ ಬರೆಸಿದರೇ? ಬರೆಸಿದರೂ ಕುರ್ಚಿ ಕೇಳುವ ಮನುಷ್ಯರಲ್ಲ ಅವರು. ಬಾಯಿಯವರಿಗೆ ಇಂಗ್ಲಿಷ್ ಬಾರದು. ಹಾಗಾದರೆ ನಾನೇ ಎರಡು ಪ್ರತಿ ಬರೆದು ಒಂದನ್ನು ಹಾಕಿ ಮರೆತೆನೇ? ಆಣೆ ಮಾಡಿ ಹೇಳುತ್ತೇನೆ, ಇಲ್ಲ. ಅಲ್ಲೇ ಟ್ರಂಕಿನ ಪಕ್ಕ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಸಂಜೆ ಮೊದಲು ಅಡುಗೆಮನೆಗೆ ಹೋಗಿ ತುಳಸಾಬಾಯಿಯವರಿಗೆ ಓದಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಅವ್ರ ಸಂಕಟ ನೋಡಲಾರದ ನೀನೇ ಬರದಿ ಹೌದಿಲ್ಲೋ? ಖರೇ ಹೇಳು."

"ನಮ್ಮವ್ವನ ಆಣಿ ಬಾಯಾರ, ನಾ ಬರದಿಲ್ಲ."

ಅವರು ಪತ್ರವನ್ನು ಇಸಕೊಂಡು ಮೆಂತ್ಯದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಒತ್ತಿದರು. "ಅವ್ರಿಗಿ ಹೇಳಬ್ಯಾಡ. ನಾಕ ದಿನ ತಡಿ, ವಿಚಾರ ಮಾಡೂಣು" ಅಂದರು.

ಅಂಗಳಕ್ಕೆ ಬಂದೆ. ರಾಯರು ಬೀಸುವ ಕೋಲು ಹಿಡಿದು ನಿಂತಿದ್ದರು, ದಾರದ ತುದಿಗೆ ಆ ಜರಿಯ ನೊಣ ಕಟ್ಟಿದ್ದರು. ನನ್ನನ್ನು ಕಂಡವರೇ "ತಮ್ಮಾ, ಒಳಗಿಂದ ಕುರ್ಚಿ ತಾ. ಬೆನ್ನ ಇರೂದು ತಾ" ಅಂದರು.

ಇಷ್ಟು ದಿನ ಕುರ್ಚಿ ಕಂಡರೆ ರೇಗುತ್ತಿದ್ದ ಮನುಷ್ಯ! ತಂದಿಟ್ಟೆ. ಒರಗಿ ಕೂತು, ಕಾಲು ಚಾಚಿ, "ಹಾಂ, ಇದು ಛಲೋ ಆತು" ಅಂದರು. ದಾರದ ತುದಿ ಹಿಡಿಯಲು ಹೋದೆ. "ಇವತ್ತ ನೀ ಮೀನ ಆಗೂದು ಬ್ಯಾಡ, ಕೂಡು" ಅಂದರು. ಇಳಿಬಿಸಿಲಿನಲ್ಲಿ ಎದುರಿನ ಗೋಡೆಯ ಕಡೆ ನಿಧಾನ ಬೀಸುತ್ತಲೇ ಇದ್ದರು. ಜರಿ ಮಿನುಗುತ್ತಿತ್ತು. ಅಷ್ಟು ಚಂದ ಅವರು ಬೀಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಬಹಳ ಹೊತ್ತಿನ ಮೇಲೆ, ಕೈ ನಿಲ್ಲಿಸದೆ ಕೇಳಿದರು: "ಟಪಾಲು ಬಂತೇನೋ?"

ಅಡುಗೆಮನೆಯ ಬಾಗಿಲಲ್ಲಿ ಬಾಯಿಯವರು ನಿಂತಿದ್ದರು. ಅವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು.

"ಇಲ್ರಿ ರಾಯರ" ಅಂದೆ.

"ಇರ್ಲಿ ಬಿಡು. ದೂರದ ದಾರಿ" ಎಂದು ನಕ್ಕರು.

ಮರುದಿನ ನಾನು ಕಚೇರಿಗೆ ಹೊರಡುವಷ್ಟರಲ್ಲಿ ಸುದ್ದಿ ಬಂತು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು. ಎಷ್ಟು ಅತ್ತೆನೆಂದರೆ, ಬಂಧುಗಳು ನನ್ನನ್ನು ಅವರ ಮಗನೆಂದೇ ತಿಳಿದು ಸಮಾಧಾನ ಹೇಳಿದರು. ಡಬ್ಬಿಯಲ್ಲಿದ್ದ ಆ ನಾಲ್ಕು ಸಾಲನ್ನು ಓದಿ ಹೇಳಿದ್ದರೆ ಅವರು ಹೊರಡುತ್ತಿದ್ದರೋ ಇಲ್ಲವೋ. ಕೇಳಿಯಾದರೂ ಹೋಗುತ್ತಿದ್ದರಲ್ಲ!

ಕರ್ಮಗಳೆಲ್ಲ ಮುಗಿದವು. ಅಸ್ಥಿಯನ್ನು ಇಲ್ಲೇ ಕೃಷ್ಣೆಗೆ ಬಿಡೋಣವೆಂದು ಬಂಧುಗಳು ಹೊರಟಾಗ ತುಳಸಾಬಾಯಿಯವರು ಅಡ್ಡ ನಿಂತರು. "ಅವ್ರು ಹೋಗಬೇಕಂದಲ್ಲೇ ಕರಕೊಂಡ ಹೋಗ್ತೀನಿ. ಮಂದಿ ಏನರ ಅನ್ಲಿ" ಎಂದವರು, ನನ್ನ ಕಡೆ ತಿರುಗಿ "ತಮ್ಮಾ, ನೀ ಪತ್ರದಾಗ ಬರದ ದಾರಿ ಅದ ಅಲ್ಲಾ, ಅದೇ ದಾರೀಲೆ ನಡಿ" ಅಂದರು. ಯಾದಗಿರಿಯಲ್ಲಿ ರೈಲು ಹತ್ತಿದೆವು. ನನ್ನ ಪತ್ರದಲ್ಲಿದ್ದ ಹಾಗೇ ವಾಡಿ, ಸಿಕಂದರಾಬಾದ್, ಬೆಜವಾಡ. ತಾಮ್ರದ ಕಲಶಕ್ಕೆ ಆ ಮದುವೆ ಸೀರೆಯ ತುಂಡು ಸುತ್ತಿ, ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಬಂದರಿನ ಕಚೇರಿಯಲ್ಲಿ ಮೊದಲು ಎರಡೂ ಪತ್ರ ತೋರಿಸಿ ವಿಚಾರಿಸಿದೆ. ಇಂಥ ಪತ್ರ ನಮಗೆ ಬಂದೂ ಇಲ್ಲ, ನಾವು ಬರೆದೂ ಇಲ್ಲ, ಈ ಅಕ್ಷರ ನಮ್ಮಲ್ಲಿ ಯಾರದೂ ಅಲ್ಲ ಎಂದರು. ನನಗೆ ಒಂದು ರೀತಿ ಹಗುರವಾಯಿತು, ಯಾರೋ ಮಾಡಿದ ಕುಚೇಷ್ಟೆ ಅಂದುಕೊಂಡೆ. ಅಲ್ಲಿಂದ ಗಾಡಿ ಮಾಡಿಕೊಂಡು ನದಿಯ ಮುಖಕ್ಕೆ ಹತ್ತಿರದ ಒಂದು ಬೆಸ್ತರ ಹಳ್ಳಿಗೆ ಹೋದೆವು. ದಂಡೆಯಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಮುದುಕನೊಬ್ಬ ತನ್ನದಕ್ಕೆ ಬನ್ನಿ ಎಂದು ಕರೆದುಕೊಂಡು ಹೋದ.

ಅವನ ದೋಣಿಯ ನಡುವೆ ಒಂದು ಕುರ್ಚಿ ಇತ್ತು. ಬೆನ್ನಿರುವ ಮರದ ಕುರ್ಚಿ. ನಾಲ್ಕೂ ಕಾಲುಗಳನ್ನು ತೆಂಗಿನ ನಾರಿನ ಹಗ್ಗದಿಂದ ಅಡ್ಡಹಲಗೆಗೆ ಬಿಗಿದು ಕಟ್ಟಿದ್ದರು.

ಬೇರೆ ದೋಣಿಗಳನ್ನೆಲ್ಲ ನೋಡಿದೆ, ಯಾವುದರಲ್ಲೂ ಇರಲಿಲ್ಲ. ಇದು ಯಾಕೆ ಎಂದು ತೆಲುಗಿನಲ್ಲಿ ಕೇಳಿದೆ. ಹೋದ ತಿಂಗಳು ಯಾರೋ ಬಂದು, ಹಿರಿಯರೊಬ್ಬರು ಗಾಳ ಹಾಕಲು ಬರುತ್ತಾರೆ, ನಿಲ್ಲಲಾಗುವುದಿಲ್ಲ, ಕುರ್ಚಿ ಕಟ್ಟಿಡು ಎಂದು ಹೇಳಿ ಹೋದರಂತೆ. ಯಾರು? ಅವನಿಗೆ ಗುರುತಿಲ್ಲ. ಕೈಯಲ್ಲೊಂದು ಕಾಗದ ಇತ್ತಂತೆ, ಇವನಿಗೆ ಓದಲು ಬಾರದು. ಇಷ್ಟು ಹೇಳಿ ಅವನು ನಮ್ಮ ಹಿಂದೆ ದಾರಿಯ ಕಡೆ ನೋಡುತ್ತ, "ಪೆದ್ದಾಯನ ಏರಿ?" ಎಂದು ಕೇಳಿದ. ಹಿರಿಯರು ಎಲ್ಲಿ ಎಂದು ಅವನ ಪ್ರಶ್ನೆ.

ತುಳಸಾಬಾಯಿಯವರಿಗೆ ತೆಲುಗು ಬಾರದು, ಆದರೂ ತಿಳಿಯಿತು. ಮೊಣಕಾಲವರೆಗೆ ನೀರಿನಲ್ಲಿ ಇಳಿದು, ದೋಣಿ ಹತ್ತಿ, ಕಲಶವನ್ನು ಆ ಕುರ್ಚಿಯ ಮೇಲೆ ಇಟ್ಟರು. ಜಾರದಿರಲೆಂದು ಸೀರೆಯ ತುಂಡಿನಿಂದ ಅದನ್ನು ಕುರ್ಚಿಯ ಬೆನ್ನಿಗೆ ಕಟ್ಟಿದರು. ದೋಣಿ ಹೊರಟಿತು. ನದಿಯ ಕೆಂಪು ನೀರು ಮುಗಿದು ಕಡಲಿನ ನೀರು ಸಿಕ್ಕಿದಲ್ಲಿ ಅಸ್ಥಿ ಬಿಟ್ಟೆವು. ಜರಿಯ ನೊಣವನ್ನೂ ನಾನೇ ಬಿಟ್ಟೆ. "ಅವತ್ತೇ ಹೇಳಿದ್ರ..." ಎಂದು ಬಾಯಿಯವರು ಶುರುಮಾಡಿ, ಮುಂದೆ ಹೇಳಲಾರದೆ ಖಾಲಿ ಕುರ್ಚಿಯ ಕೈ ಹಿಡಿದು ಕೂತುಬಿಟ್ಟರು.

ನನ್ನ ಪತ್ರ, ಅದಕ್ಕೆ ಬಂದ ಉತ್ತರ, ಎರಡೂ ಇವತ್ತಿಗೂ ನನ್ನ ಬಳಿ ಇವೆ. ಎಷ್ಟೋ ಸಲ ಜೋಡಿಸಿಟ್ಟು ನೋಡಿದ್ದೇನೆ. ಆ ದುಂಡನೆಯ ಅಕ್ಷರ ಯಾರದು, ಬೀಗದೊಳಗಿನ ಮಾತು ಅಷ್ಟು ದೂರ ಹೋದದ್ದು ಹೇಗೆ, ನನಗೆ ಗೊತ್ತಿಲ್ಲ. ಗೊತ್ತಾಗುವ ಆಸೆಯೂ ಈಗ ಉಳಿದಿಲ್ಲ. ನಾನು ಹಾಕದೆ ಇಟ್ಟ ಪತ್ರವನ್ನು ಯಾರೋ ಮುಟ್ಟಿಸಿದರು, ಕುರ್ಚಿ ಕಟ್ಟಿ ಕಾದರು, ಉತ್ತರವನ್ನೂ ಕಳಿಸಿದರು. ಅದು ಶಹಾಪುರದವರೆಗೆ ಬಂದು, ಅವರ ಮನೆಯೊಳಗೂ ಬಂದಿತ್ತು. ಅಂಗಳದಲ್ಲಿ ಕೂತ ಅವರಿಗೆ "ಇಲ್ರಿ ರಾಯರ" ಎಂದವನು ಮಾತ್ರ ನಾನು.