ಇಬ್ಬರು ಮುನಿಯಪ್ಪಂದಿರು ಮತ್ತು ನಾನು ಬರೆದ ನಿಯಮ

ಫಾರಂ ತುಂಬುವಾಗ ಒಂದು ಚೌಕ ಖಾಲಿ ಬಿಟ್ಟರೆ ಸಾಕು, ಕೆಂಪಕ್ಷರದಲ್ಲಿ ಗದರುವ ಆ ಸಾಲನ್ನು ನೀವೂ ಕಂಡಿರುತ್ತೀರಿ. 'ಸರಿಯಾದ ಮಾಹಿತಿ ನೀಡಿ' ಎನ್ನುವ ಅದರ ಧಾಟಿ, ಇಂದಿರಾನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನದೇ. ಹಾಗೆ ಗದರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ನಾನು. ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಕೂತು, ಜನ ತುಂಬಿದ್ದನ್ನು ಡೇಟಾಬೇಸಿನ ಒಳಗೆ ಬಿಡುವ ಮೊದಲು ಬಾಗಿಲಲ್ಲೇ ತಡೆದು ವಿಚಾರಿಸುವ ಕೋಡ್ ಬರೆಯುತ್ತೇನೆ. ಫೋನ್ ನಂಬರಿನಲ್ಲಿ ಅಕ್ಷರ ನುಸುಳಕೂಡದು, ನಾಳೆ ಹುಟ್ಟಲಿರುವವರು ಇವತ್ತೇ ಅರ್ಜಿ ಹಾಕಕೂಡದು, ಇಂಥವು. ಘನಂದಾರಿ ಕೆಲಸವೇನಲ್ಲ. ಆದರೂ ನಾನು ಮನೆಯಲ್ಲಿ ಕಾಫಿ ಹೀರುತ್ತಿರುವಾಗಲೂ ನನ್ನ ನಾಲ್ಕು ಸಾಲು ಎಲ್ಲೋ ಎಚ್ಚರವಾಗಿ ನಿಂತು, ಕಂಡರಿಯದ ಜನರನ್ನು ವಿಚಾರಿಸುತ್ತಿರುತ್ತದಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹಲಸೂರಿನ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಗೂ ಬಿಟ್ಟಿಯಾಗಿ ಅಂಥದ್ದೊಂದು ಫಾರಂ ಮಾಡಿಕೊಟ್ಟಿದ್ದೆ. ಒಬ್ಬರೇ ಎರಡೆರಡು ಸಲ ಹೆಸರು ಬರೆಸಿ, ಯಾರ ಯಾವ ಕಣ್ಣಿಗೆ ಆಪರೇಷನ್ ಆಗಿದೆ ಎನ್ನುವುದೇ ಕಲಸುಮೇಲೋಗರವಾಗಿತ್ತು. ನಾನು ಮಹಾ ಜಾಣೆಯಲ್ಲವೇ, ಒಂದು ನಿಯಮ ಹಾಕಿದೆ: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಫೋನು ಎಲ್ಲವೂ ತಾಳೆಯಾದರೆ ಆಸಾಮಿ ಒಬ್ಬನೇ. ಪ್ರಪಂಚದಲ್ಲಿ ಇದನ್ನು ಸುಳ್ಳು ಮಾಡುವವರು ಹುಟ್ಟಿಲ್ಲ ಎಂದು ಬೀಗಿದ್ದೂ ಉಂಟು.

ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಶಿವಾಜಿನಗರದ ಶಾಹೀನಾ ಫೋನ್ ಮಾಡಿದಳು. ಕೃಷ್ಣರಾಜಪುರದಿಂದ ಮುನಿಯಪ್ಪ ಎಂಬ ವೃದ್ಧರು ಬಂದಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಲಿತು, ಊಟದ ತಟ್ಟೆಯನ್ನೂ ತಡವಿ ಹುಡುಕುತ್ತಾರೆ. ಹೊರಗಿನಿಂದ ಬರುವ ಸರ್ಜನ್ ಸಂಜೆ ಆಪರೇಷನ್ ಪಟ್ಟಿ ಮುಗಿಸಿ ಹೋದರೆ ಮತ್ತೆ ಬರುವುದು ಯಾವಾಗಲೋ. ಅಷ್ಟರವರೆಗೆ ಕಣ್ಣು ಉಳಿಯುವ ಭರವಸೆಯಿಲ್ಲ ಎಂದಿದ್ದಾರೆ ಡಾಕ್ಟರು. ನನ್ನ ಫಾರಂ ಮಾತ್ರ 'ಈ ವ್ಯಕ್ತಿಗೆ ಎಡಗಣ್ಣಿನ ಆಪರೇಷನ್ ಆಗಿದೆ' ಎಂದು ಹಟ ಹಿಡಿದು ಕೂತಿದೆ.

"ಮೇಡಂ, ಆಪರೇಷನ್ ಆಗಿರೋರು ಇವರ ಪಕ್ಕದಲ್ಲೇ ನಿಂತಿದ್ದಾರೆ. ಇಬ್ಬರೂ ಮುನಿಯಪ್ಪನೇ."

ಆ ಕೋಡನ್ನು ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಕೂತೇ ಬದಲಿಸಬೇಕಿತ್ತು. ಎದ್ದೆನೋ ಬಿದ್ದೆನೋ ಎಂದು ಮೆಟ್ರೋ ಹತ್ತಿ ಓಡಿದೆ. ಅಲ್ಲಿ ಕೇಳಿದ ಕಥೆ ಇದು: ಮುನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮೊದಲ ಮಗನಿಗೆ ದೇವರ ಹೆಸರಿಟ್ಟರಂತೆ; ಎರಡನೆಯವನಿಗೆ ಬೇರೆ ಇಟ್ಟರೆ ದೇವರು ಕೋಪಿಸಿಕೊಂಡಾನೆಂದು ಅವನಿಗೂ ಅದನ್ನೇ ಇಟ್ಟರಂತೆ. ಮನೆಯಲ್ಲಿ ದೊಡ್ಮುನಿಯ, ಚಿಕ್ಮುನಿಯ ಎಂದರೆ ಮುಗಿಯಿತು. ದನ ಕಾಯುತ್ತಿದ್ದ ಅಣ್ಣನನ್ನೂ ತಮ್ಮನನ್ನೂ ಒಂದೇ ಬೆಳಿಗ್ಗೆ ಶಾಲೆಗೆ ಎಳೆದುಕೊಂಡು ಹೋದಾಗ ಹುಟ್ಟಿದ ದಿನ ಅಪ್ಪನಿಗೆ ಗೊತ್ತಿರಲಿಲ್ಲ. ಮೇಷ್ಟರು ಇಬ್ಬರಿಗೂ ಜೂನ್ ಒಂದು ಎಂದು, ಇಸವಿಯನ್ನೂ ಒಂದೇ ಮಾಡಿ ಬರೆದರು. ಫೋನು ಮನೆಗೆಲ್ಲ ಸೊಸೆಯದೊಂದೇ. ನಾನು ಅಸಾಧ್ಯವೆಂದು ಭಾವಿಸಿದ್ದು ಬಿಳಿ ಪಂಚೆಯುಟ್ಟು, ಒಬ್ಬರ ತೋಳು ಇನ್ನೊಬ್ಬರು ಹಿಡಿದು, ನನ್ನೆದುರಿಗೇ ನಿಂತಿತ್ತು.

ಕೀಲಿಮಣೆ ಮುಟ್ಟುವ ಮೊದಲೇ, ಎಡಗಣ್ಣಿನ ಆಪರೇಷನ್ ಆಗಿದ್ದ ಅಣ್ಣ ಮುಂದೆ ಬಂದರು. ಅವರ ಬಲಗಣ್ಣಿನ ಸರದಿಯೂ ಅದೇ ಪಟ್ಟಿಯಲ್ಲಿತ್ತು.

"ನನ್ ಹೆಸ್ರು ಹೊಡೆದಾಕ್ಬಿಡಮ್ಮ, ಅವನ್ದು ಬರ್ಕೋ. ನಂಗೆ ಒಂದು ಕಣ್ಣು ಬಂದೈತೆ, ಸಾಕು."

ಇಷ್ಟು ವರ್ಷ ಜನರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಿದ್ದೇನೆ. ಆ ಚೌಕಗಳಲ್ಲಿ ಹೆಸರು ಬರೆಸುವವರು ಎಷ್ಟು ದೊಡ್ಡವರಿರಬಹುದೆಂದು ಒಮ್ಮೆಯೂ ಊಹಿಸಿರಲಿಲ್ಲ. ಹೆಸರು ಹೊಡೆಯಲಿಲ್ಲ. ಎಲ್ಲ ತಾಳೆಯಾದಾಗ 'ಆಗಿದೆ' ಎಂದು ತಳ್ಳಿಬಿಡುತ್ತಿದ್ದ ಸಾಲನ್ನು ಅಳಿಸಿ, 'ಇದೇ ಹೆಸರಿನ ಇನ್ನೊಬ್ಬರು ಮನೆಯಲ್ಲಿದ್ದಾರೆಯೇ?' ಎಂದು ಕೇಳುವಂತೆ ಮಾಡಿದೆ. ಶಾಹೀನಾ 'ಹೌದು' ಒತ್ತಿದಳು. ಅಣ್ಣನ ಜೊತೆ ತಮ್ಮನೂ ಪಟ್ಟಿಗೆ ಸೇರಿದರು.

ಮರುದಿನ ತಮ್ಮನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚುವಾಗ ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಅವರು ಡಾಕ್ಟರನ್ನು ನೋಡಲಿಲ್ಲ, ಕಿಟಕಿಯ ಬೆಳಕನ್ನೂ ನೋಡಲಿಲ್ಲ. ಎದುರಿಗೆ ಕೂತ ಅಣ್ಣನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಯಾಕಣ್ಣ, ಇಷ್ಟೊಂದು ವಯಸ್ಸಾಗೋಗೈತೆ ನಿಂಗೆ?"

ಅಣ್ಣ ತಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡರು.

"ನಿಂಗೆಷ್ಟೋ ನಂಗೂ ಅಷ್ಟೇ ಕಣೋ. ಮೇಷ್ಟ್ರೇ ಬರೆದವ್ರಲ್ಲ."