ಬಸವಲಿಂಗಯ್ಯ ಕೆರೆಗೆ ಔಷಧಿ ಹೊಡೆದದ್ದು

ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆಯಲ್ಲಿ ನೀರಿದೆ ಎಂದರೆ ಹೊರಗಿನವರು ನಂಬುತ್ತಿರಲಿಲ್ಲ. ಏರಿಯ ಮೇಲೆ ನಿಂತರೆ ಕಣ್ಣಿಗೆ ಬೀಳುತ್ತಿದ್ದುದು ಹಸಿರು ಬಯಲು. ಅಂತರಗಂಗೆ ದಡದಿಂದ ದಡಕ್ಕೆ ಹೆಣೆದುಕೊಂಡು, ಕೊಕ್ಕರೆ ಅದರ ಮೇಲೆ ಕಾಲೂರಿ ಅಡ್ಡಾಡುತ್ತಿತ್ತು. ಈ ಕಳೆಯ ಜೊತೆ ಗುದ್ದಾಡಿ ಸುಸ್ತಾದವರು ಊರಲ್ಲಿ ಬೇಕಾದಷ್ಟು ಮಂದಿ. ಪಟ್ಟು ಬಿಡದೆ ಉಳಿದವನು ಬಸವಲಿಂಗಯ್ಯ ಒಬ್ಬನೇ.

ಪಕ್ಕದೂರು ಕೂಟಗಲ್ಲಿನ ದಾರಿಯಲ್ಲಿ, ಕೆರೆ ಏರಿಯ ಕೆಳಗೆ ಅವನ ಹಿಪ್ಪುನೇರಳೆ ತೋಟ. ಗಂಡ ಸೊಪ್ಪು ಬೆಳೆಯಬೇಕು, ಹೆಂಡತಿ ಗಿರಿಜಾಂಬ ರೇಷ್ಮೆ ಹುಳ ಸಾಕಬೇಕು. ಅವರ ಬಾಳುವೆ ನಡೆದದ್ದೇ ಹಾಗೆ. ತೋಟಕ್ಕೆ ನೀರು ಬರಬೇಕಾದ ತೂಬಿನ ಬಾಯಿಗೆ ಕಳೆ ಮೆತ್ತಿಕೊಂಡು ಕಾಲುವೆ ಒಣಗಿತ್ತು.

ಅವನು ಮಾಡದ ಉಪಾಯವಿಲ್ಲ. ಹಗ್ಗಕ್ಕೆ ಮುಳ್ಳುಕಂಬಿ ಸುತ್ತಿ, ಎರಡು ದಡದಲ್ಲೂ ಆಳು ನಿಲ್ಲಿಸಿ, ಬಲೆ ಎಳೆದಂತೆ ಎಳೆಸಿದ. ಬಂದದ್ದನ್ನು ಏರಿಯ ಮೇಲೆ ಗುಡ್ಡೆ ಹಾಕಿದ. ಒಂದು ಜಡಿಮಳೆಗೆ ಗುಡ್ಡೆ ಜಾರಿ ಮತ್ತೆ ನೀರಿಗೇ ಬಿತ್ತು. ಒಣಗಿ ಸತ್ತಿತೆಂದುಕೊಂಡ ಬುಡ ಚಿಗುರಿ ಹೂ ಬಿಟ್ಟಿತು. ಎಮ್ಮೆಗೆ ಹಾಕಿದ, ಎಮ್ಮೆಗೆ ಭೇದಿ ಹತ್ತಿತು. ಆಳುಗಳು ಜಿಗಣೆಗೆ ಹೆದರಿ ಒಬ್ಬೊಬ್ಬರೇ ಜಾರಿಕೊಂಡರು. ಇವನೊಬ್ಬನೇ ಎದೆಮಟ್ಟ ನೀರಲ್ಲಿ ನಿಂತು ಕುಡುಗೋಲು ಆಡಿಸುತ್ತಿದ್ದ. ಬೆಳಿಗ್ಗೆ ಬಿಡಿಸಿದ ಜಾಗ ಸಂಜೆಯ ಗಾಳಿಗೆ ಮುಚ್ಚಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಗಿರಿಜಾಂಬನ ಹುಳ ಮೂರನೇ ಜ್ವರಕ್ಕೆ ಕೂತವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದರೆ ಅವಕ್ಕೆ ಹಗಲಿರುಳೂ ಸೊಪ್ಪು ಬೇಕು. ತೋಟದಲ್ಲಿ ಎಲೆ ಮುದುರುತ್ತಿತ್ತು. ಬಸವಲಿಂಗಯ್ಯ ಕಳೆ ಕೊಲ್ಲುವ ಔಷಧಿ ತಂದ.

"ಅದನ್ನ ಮುಟ್ಟಿದ ಕೈಯಾಗೆ ನನ್ ಹುಳದ ಮನೆ ಬಾಗ್ಲು ಮುಟ್ಟಬ್ಯಾಡ" ಎಂದಳು ಗಿರಿಜಾಂಬ.

"ಸೊಪ್ಪೇ ಇಲ್ದಿದ್ರೆ ಏನಿಕ್ಕೀಯೇ ಅವಕ್ಕೆ? ನನ್ ಮೀಸೇನಾ?"

"ಅದನ್ನೂ ತಿನ್ನಾಕಿಲ್ಲ. ಬೀಡಿ ನಾತ ಹೊಡೀತೈತೆ."

ಗಾಳಿ ಬಿದ್ದ ಹೊತ್ತು ನೋಡಿ ಅವನು ತೂಬಿನ ಸುತ್ತ ಔಷಧಿ ಹೊಡೆದ. ದಿನ ಕಳೆದಂತೆ ಕಳೆ ಕಂದಿ, ಕರಗಿ, ಮುಳುಗಿತು. ಕಾಲುವೆಯಲ್ಲಿ ನೀರು ಹರಿಯಿತು. ಕೆಳಗಿನ ತೋಟದ ದೊಡ್ಡಹನುಮಯ್ಯ ಏರಿಯ ಮೇಲೆ ನಿಂತು, "ಗೆದ್ಬುಟ್ಟೆ ಕಣ್ಲಾ ಬಸವ!" ಎಂದು ಕೂಗಿದ.

ಬಸವಲಿಂಗಯ್ಯ ಹುಷಾರಿನ ಮನುಷ್ಯ. ಔಷಧಿ ಬೆರೆತ ನೀರು ಕುಡಿದದ್ದು, ಯಾವುದಕ್ಕೂ ಇರಲಿ ಎಂದು ತನ್ನ ತೋಟದ ಎಲೆ ಮುಟ್ಟಲಿಲ್ಲ. ಕೂಟಗಲ್ಲಿನಲ್ಲಿ ಗಿರಿಜಾಂಬನ ತಂಗಿಯ ತೋಟದಿಂದ ಸೊಪ್ಪು ಕುಯ್ದು, ಮೊಪೆಡ್ ಮೇಲೆ ಹೇರಿ, ಗೋಣಿತಾಟು ಮುಚ್ಚಿ ತರುತ್ತಿದ್ದ. ಹುಳ ನಾಲ್ಕನೇ ಜ್ವರ ಕಳೆದು ಬೆರಳುದ್ದ ಬೆಳೆದವು. ಅವು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಹನಿ ಬಿದ್ದ ಹಾಗೆ ಬೀದಿಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲು ಬೆಂಕಿಯಂತಿತ್ತು. ಹೊರೆಯ ಸೊಪ್ಪು ದಾರಿಯಲ್ಲೇ ಬಾಡತೊಡಗಿತು. ಹುಳ ಸಾಕುವವರ ಕೈ ಇಂಥ ಹೊತ್ತಿನಲ್ಲಿ ತಲೆಯನ್ನು ಕೇಳುವುದಿಲ್ಲ. ಬಸವಲಿಂಗಯ್ಯ ಏರಿಯ ಬಳಿ ಮೊಪೆಡ್ ನಿಲ್ಲಿಸಿ, ಗೋಣಿತಾಟನ್ನು ಕೆರೆಯಲ್ಲಿ ಅದ್ದಿ, ಹಿಂಡಿ, ಹೊರೆಯ ಮೇಲೆ ಹೊದಿಸಿದ. ಅವರಪ್ಪ ಮಾಡುತ್ತಿದ್ದದ್ದೂ ಅದೇ.

ಮಾರನೆಯ ಬೆಳಿಗ್ಗೆ ಹುಳದ ಮನೆಯಲ್ಲಿ ಸದ್ದಿರಲಿಲ್ಲ. ಹುಳಗಳು ತಲೆ ಎತ್ತಿ ಹೊಯ್ದಾಡುತ್ತ ಹಸಿರು ನೀರು ಕಾರುತ್ತಿದ್ದವು. ಗಿರಿಜಾಂಬ ಒಂದೊಂದೇ ತಟ್ಟೆ ಎಳೆದು ನೋಡಿದಳು.

"ಸೊಪ್ಪು ಕೂಟಗಲ್ಲಿಂದು ತಾನೆ?"

"ಅಲ್ಲೀದೇ."

"ಗೋಣಿ? ಗೋಣಿ ಎಲ್ಲಿ ನೆನೆಸ್ದೆ?"

ಅವನು ಕೆರೆಯ ಕಡೆ ತಿರುಗಿ ನೋಡಿದ. ಅವಳು ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಸಂಜೆಯವರೆಗೂ ಬದುಕಿದ್ದನ್ನು ಆರಿಸಿ ಬೇರೆ ತಟ್ಟೆಗೆ ಹಾಕುತ್ತಿದ್ದಳು. ಆರಿಸಿದ್ದೂ ಸಾಯುತ್ತಿತ್ತು.

ಬಸವಲಿಂಗಯ್ಯ ಹೊರಗೆ ತಲೆ ಹಿಡಿದು ಕೂತಿದ್ದವನು ದಡಕ್ಕನೆ ಎದ್ದ. ಅದೇ ನೀರು ಕಾಲುವೆಯಲ್ಲಿ ಮನೆ ಮನೆ ತೋಟಕ್ಕೂ ಹರಿಯುತ್ತಿತ್ತು. ಎಲ್ಲರ ಮನೆಯಲ್ಲೂ ಹುಳ. ಎಲ್ಲರೂ ಗೋಣಿ ನೆನೆಸುವವರೇ. ಅವನು ದೊಡ್ಡಹನುಮಯ್ಯನ ಅಂಗಳಕ್ಕೆ ಓಡಿದ.

"ಕಾಲುವೆ ಕಟ್ಬುಡೋ! ಆ ನೀರು ಮುಟ್ಟಬ್ಯಾಡ್ರೋ!"

"ಏನ್ಲಾ ನಿಂದು? ನೀರು ಬುಟ್ಟೋನೂ ನೀನೇ, ಕಟ್ಟು ಅನ್ನೋನೂ ನೀನೇ. ಈಗ್ತಾನೆ ತೋಟ ಒಸಿ ಉಸ್ರು ಬುಟ್ಟೈತೆ."

"ನನ್ ಹುಳ ಹೋಯ್ತು ಕಣೋ."

"ನಿನ್ ಹುಳಕ್ಕೆ ಯಾವ ರೋಗ ಬಂತೋ! ಅದಕ್ಕೆ ನಮ್ ತೋಟ ಒಣಗ್ಬೇಕಾ? ಹೋಗ್ಲಾ, ನೀರು ಕುಡ್ದು ಮಲಿಕ್ಕೋ."

ಬಸವಲಿಂಗಯ್ಯ ಅವನ ಕಾಲು ಹಿಡಿಯಲು ಬಗ್ಗಿದ. ದೊಡ್ಡಹನುಮಯ್ಯ ಕಾಲು ಹಿಂದಕ್ಕೆಳೆದುಕೊಂಡು ನಕ್ಕ. ಬಗ್ಗಿದವನು ಅಲ್ಲೇ ಮಣ್ಣಲ್ಲಿ ಕುಸಿದ.

ಅಷ್ಟರಲ್ಲಿ ಗಿರಿಜಾಂಬ ಬಂದಳು. ಗಂಡನ ಕಡೆ ನೋಡಲೂ ಇಲ್ಲ. ತಲೆಯ ಮೇಲಿನ ದೊಡ್ಡ ಮೊರವನ್ನು ದೊಡ್ಡಹನುಮಯ್ಯನ ಮುಂದೆ ಇಳಿಸಿದಳು. ಹಣ್ಣಾಗಿ ಗೂಡು ಕಟ್ಟಲು ಎರಡು ದಿನವಷ್ಟೇ ಉಳಿದಿದ್ದ ಹುಳಗಳು ಕಪ್ಪಾಗಿ, ಮೆತ್ತಗೆ, ಒಂದರ ಮೇಲೊಂದು ಬಿದ್ದಿದ್ದವು. ನಡುವೆ ಒಂದು ಇನ್ನೂ ತಲೆ ಎತ್ತುತ್ತಿತ್ತು.

"ನೋಡ್ಕೊಳಣ್ಣ. ಆಮ್ಯಾಕೆ ನಿಮ್ಮಿಷ್ಟ" ಎಂದಳು.

ದೊಡ್ಡಹನುಮಯ್ಯ ಕುಕ್ಕರುಗಾಲಲ್ಲಿ ಕೂತು ಒಂದನ್ನು ಬೆರಳಿಂದ ಮುಟ್ಟಿ, ಬೆರಳನ್ನು ಪಂಚೆಗೆ ಒರೆಸಿಕೊಂಡ. ಒಳಗಿನಿಂದ ಅವನ ಮನೆಯ ಹುಳ ಮೇಯುವ ಸದ್ದು ಬರುತ್ತಿತ್ತು. ಅವನು ಗುದ್ದಲಿ ತೆಗೆದುಕೊಂಡು ಕಾಲುವೆಯ ಕಡೆ ನಡೆದ.

ಕಾಲುವೆ ಕಟ್ಟಿದ ಮೇಲೆ ತೋಟಗಳೆಲ್ಲ ಬಾಡಿದವು. ಇರುವ ಸೊಪ್ಪಿನಲ್ಲೇ ಒದ್ದಾಡಿ ನಾಲ್ಕಾರು ಮನೆಯವರು ಹುಳ ಉಳಿಸಿಕೊಂಡರು. ಗಿರಿಜಾಂಬನ ಹುಳದ ಮನೆ ಖಾಲಿ. ಬಸವಲಿಂಗಯ್ಯ ಈಗ ಔಷಧಿಯ ಹೆಸರೆತ್ತುವುದಿಲ್ಲ. ಕೊಳೆತು ತಳ ಹಿಡಿದ ಕಳೆಯನ್ನು ದಿನವೂ ಬುಟ್ಟಿಯಲ್ಲಿ ಮೇಲೆ ಎತ್ತುತ್ತಾನೆ, ಏರಿ ದಾಟಿಸಿ ದೂರದ ಹಳ್ಳಕ್ಕೆ ಸುರಿಯುತ್ತಾನೆ. ಕೆರೆಯ ಆಚೆ ದಡದಲ್ಲಿ ಅಂತರಗಂಗೆ ಮತ್ತೆ ಹೂ ಬಿಟ್ಟಿದೆ.